ಗ್ಯಾರೇಜ್ ಜಗುಲಿ: ಕಚ್ಚಿಕೊಂಡ ಬೋಲ್ಟಿಗೆ ಎರಡು ರಾತ್ರಿ

ಪ್ರಶ್ನೆ: ನನ್ನದು 2006ರ ಮಾರುತಿ 800. ಗಂಗೊಳ್ಳಿ ಬಂದರಿನಿಂದ ಕುಂದಾಪುರಕ್ಕೆ ದಿನವೂ ಎರಡು ಮೂರು ಬುಟ್ಟಿ ಮೀನು ಸಾಗಿಸುವ ಗಾಡಿ. ಹದಿನೈದು ದಿನಗಳಿಂದ ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು, ಸೆಲ್ಫ್ (ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟಾರ್) ತಿರುಗುವುದಿಲ್ಲ. ಬ್ಯಾಟರಿ ಹೊಸದು. ಹೊಸ ಸೆಲ್ಫ್ ಮೋಟಾರ್ ತಂದು ಭಾನುವಾರ ನಾನೇ ಬದಲಿಸಲು ಕುಳಿತೆ. ಎರಡು ಬೋಲ್ಟುಗಳಲ್ಲಿ ಮೇಲಿನದು ಬಂತು. ಕೆಳಗಿನದು ಜಪ್ಪಯ್ಯ ಎಂದರೂ ಅಲ್ಲಾಡುತ್ತಿಲ್ಲ. 14 ನಂಬರಿನ ರಿಂಗ್ ಸ್ಪ್ಯಾನರಿಗೆ ಎರಡಡಿ ಪೈಪ್ ತೂರಿಸಿ ಎಳೆದೆ. ತಲೆಯ ಮೂಲೆಗಳು ಸ್ವಲ್ಪ ಸವೆದವು. ಗಾಡಿಯನ್ನು ಜಾಕಿನಲ್ಲಿ ಎತ್ತಿ ಅಡಿಗೆ ಮುರಕಲ್ಲು ಕೊಟ್ಟಿದ್ದೇನೆ. ಗ್ಯಾಸ್ ವೆಲ್ಡಿಂಗಿನವರನ್ನು ಕರೆಸಿ ಕಾಯಿಸಲೇ?
– ಹೆಸರು ಬೇಡವೆಂದ ಓದುಗರು, ಗಂಗೊಳ್ಳಿ ಕಡೆಯವರು

ಉತ್ತರ: ಮೊದಲು ಗಾಡಿಯ ಅಡಿಯಿಂದ ಹೊರಗೆ ಬನ್ನಿ. ಬೋಲ್ಟಿನ ಮಾತು ಆಮೇಲೆ. ಮುರಕಲ್ಲಿನ ಗೋಡೆ ನೂರು ವರ್ಷ ನಿಲ್ಲಬಹುದು, ಆದರೆ ಒಂದೇ ಮೂಲೆಯಲ್ಲಿ ಭಾರ ಬಿದ್ದರೆ ಆ ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ನೀವು ಪೈಪ್ ಹಾಕಿ ಜಗ್ಗುವಾಗ ಗಾಡಿಯೇ ತೊನೆಯುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಜಾಕ್ ಸ್ಟ್ಯಾಂಡ್ ಎರವಲು ಸಿಗದಿದ್ದರೆ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಅದರ ಮೇಲೆ ಇಳಿಸಿ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ.

ಇನ್ನೊಂದು ಮಾತು. ನೀವು ಬ್ಯಾಟರಿಯ ತಂತಿ ಬಿಚ್ಚಿದ ವಿಷಯ ಪತ್ರದಲ್ಲಿ ಎಲ್ಲಿಯೂ ಇಲ್ಲ. ಬ್ಯಾಟರಿಯಿಂದ ಸೆಲ್ಫ್‌ಗೆ ಬರುವ ದಪ್ಪ ತಂತಿಗೆ ನಡುವೆ ಫ್ಯೂಸ್ ಇರುವುದಿಲ್ಲ. ನಿಮ್ಮ ಸ್ಪ್ಯಾನರ್ ಅದರ ತುದಿಯನ್ನೂ ಗಾಡಿಯ ಮೈಯನ್ನೂ ಒಟ್ಟಿಗೆ ಮುಟ್ಟಿದರೆ ನೂರಾರು ಆಂಪಿಯರ್ ಕರೆಂಟು ಹರಿದು ಸ್ಪ್ಯಾನರ್ ಅಲ್ಲಿಯೇ ಬೆಸೆದುಕೊಳ್ಳುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ.

ಈಗ ನಿಮಗೆ ಬೇಸರವಾಗುವ ಒಂದು ಪ್ರಶ್ನೆ ಕೇಳುತ್ತೇನೆ. ಸೆಲ್ಫ್ ಕೆಟ್ಟಿದೆ ಎಂದು ಹೇಳಿದವರು ಯಾರು? ಸೆಲ್ಫ್‌ಗೆ ಪ್ಲಸ್ ತಂತಿ ಮಾತ್ರ ಪ್ರತ್ಯೇಕವಾಗಿ ಬರುತ್ತದೆ. ಮೈನಸ್ ಹಾದಿ ಎಂದರೆ ಮೋಟಾರಿನ ಮೈ, ಅದು ಕೂತಿರುವ ಗೇರ್‌ಬಾಕ್ಸಿನ ಮುಖ, ಅಲ್ಲಿಂದ ಅರ್ಥಿಂಗ್ ಪಟ್ಟಿಯ (ದಪ್ಪ ಮೈನಸ್ ತಂತಿಯ) ಮೂಲಕ ಬ್ಯಾಟರಿ. ನಿಮ್ಮ ಬೋಲ್ಟ್ ಅಷ್ಟು ಕಚ್ಚಿಕೊಂಡಿದೆ ಎಂದಾದರೆ ಆ ಮುಖ ಹೇಗಿರಬೇಡ? ಮೀನು ಬುಟ್ಟಿಯ ಮಂಜುಗಡ್ಡೆ ಕರಗಿ ಸೋರಿದ ನೀರು, ಮೇಲಿನಿಂದ ಕಡಲ ಗಾಳಿ, ಅಡಿಯಿಂದ ಮಳೆಗಾಲದ ರಸ್ತೆ. ಈ ಮೈನಸ್ ಹಾದಿ ಹಾಳಾದರೂ ‘ಟಕ್’ ಎಂಬ ಒಂದೇ ಸದ್ದೇ ಬರುತ್ತದೆ.

ಆದ್ದರಿಂದ ಬೋಲ್ಟಿಗೆ ಎಣ್ಣೆ ಹಾಕುವ ಮುನ್ನ ಒಂದು ಪರೀಕ್ಷೆ. ಮೇಲಿನ ಬೋಲ್ಟನ್ನು ಮತ್ತೆ ಹಾಕಿ ಬಿಗಿ ಮಾಡಿ, ತಂತಿಗಳನ್ನು ಜೋಡಿಸಿ, ಗಾಡಿಯನ್ನು ನೆಲಕ್ಕಿಳಿಸಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ವೋಲ್ಟ್ ಅಳೆಯಲು ಇಟ್ಟ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್‌ನ ಮೈಯಲ್ಲಿ ನೀವು ಕೆರೆದು ಹೊಳಪು ಮಾಡಿದ ಜಾಗಕ್ಕೆ. ಮನೆಯವರೊಬ್ಬರು ಕೀಲಿ ತಿರುಗಿಸಲಿ. ಆ ಕ್ಷಣದಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆ: ಅರ್ಥಿಂಗ್ ಪಟ್ಟಿ, ಅದರ ಎರಡು ತುದಿ, ಮೋಟಾರಿನ ಮುಖ, ಇವುಗಳಲ್ಲೊಂದು. ಪಟ್ಟಿಯದೇ ತಪ್ಪಾದರೆ ಬೋಲ್ಟಿನ ಗೊಡವೆಯೇ ಬೇಡ. ಹೊಸ ಮೋಟಾರನ್ನು ಡಬ್ಬಿಯಲ್ಲಿಟ್ಟು ಅಂಗಡಿಯವರಿಗೆ ಮರಳಿಸಿ. ಪ್ಲಸ್ ಹಾದಿಯನ್ನೂ ಹೀಗೆಯೇ ನೋಡಿ: ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ದಪ್ಪ ತಂತಿ ಸೆಲ್ಫ್‌ಗೆ ಸೇರುವ ತುದಿಗೆ. ಎರಡೂ ಕಡೆ ಅರ್ಧ ವೋಲ್ಟ್ ದಾಟದಿದ್ದರೆ ಮೋಟಾರಿನದೇ ರೋಗ, ಬ್ಯಾಟರಿಯ ಮೈನಸ್ ತಂತಿಯನ್ನು ಮತ್ತೆ ಬಿಚ್ಚಿ ಮುಂದೆ ಓದಿ.

ನಾನು ಕೆಲಸ ಕಲಿತದ್ದು ಭಟ್ಕಳದ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ. ಆಮೇಲೆ ಮೂವತ್ತು ವರ್ಷ ದಾವಣಗೆರೆಯಲ್ಲಿದ್ದೆ. ಒಣ ಊರಿನ ಬೋಲ್ಟ್ ಕೆಂಪು ತುಕ್ಕಿನಿಂದ ಹಿಡಿದುಕೊಳ್ಳುತ್ತದೆ, ಸ್ವಲ್ಪ ಗದರಿಸಿದರೆ ಬಿಡುತ್ತದೆ. ಕಡಲ ಊರಿನದು ಬೇರೆಯೇ ಜಾತಿ. ಬೋಲ್ಟ್ ಉಕ್ಕಿನದು, ಅದು ಹೊಕ್ಕಿರುವ ಗೇರ್‌ಬಾಕ್ಸಿನ ಮನೆ (ಹೊರಕವಚ) ಅಲ್ಯೂಮಿನಿಯಂ. ನಡುವೆ ಉಪ್ಪುನೀರು ನಿಂತರೆ ಅದೇ ಒಂದು ಪುಟ್ಟ ಬ್ಯಾಟರಿಯಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಸವೆದದ್ದು ಬಿಳಿ ಪುಡಿಯಾಗಿ ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ಗಾರೆಯಂತೆ ಕೂರುತ್ತದೆ. ಬೋಲ್ಟಿನ ತಲೆಯ ಸುತ್ತ ಬಿಳಿ ಪುಡಿ ಕಂಡರೆ ಇದೇ ಕಥೆ.

ಆ ಎರಡಡಿ ಪೈಪನ್ನು ಮನೆಯೊಳಗಿಡಿ. 14 ನಂಬರ್ ತಲೆಯ ಬೋಲ್ಟಿನ ಮೈ ಜಪಾನಿ ಗಾಡಿಗಳ ಲೆಕ್ಕದಲ್ಲಿ 10 ಮಿ.ಮೀ. ದಪ್ಪ. ಅದನ್ನು ಬಿಗಿಯಲು ನಾಲ್ಕೈದು ಕೆಜಿ-ಮೀಟರ್ (ಹಾಕಿದ ಬಲ ಗುಣಿಸು ಸ್ಪ್ಯಾನರಿನ ಉದ್ದ) ಧಾರಾಳ. 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 20 ಕೆಜಿ ಬಲ ಹಾಕಿದರೆ ನಾಲ್ಕು. ಅದೇ ಬಲವನ್ನು 60 ಸೆಂ.ಮೀ. ಪೈಪಿನ ತುದಿಗೆ ಹಾಕಿದರೆ ಹನ್ನೆರಡು. ಬೋಲ್ಟಿನ ಕತ್ತು ಮುರಿಯಲು ಅಷ್ಟೇ ಸಾಕು. ರಿಂಗ್ ಸ್ಪ್ಯಾನರನ್ನೂ ಪಕ್ಕಕ್ಕಿಡಿ. ಅದರೊಳಗೆ ಹನ್ನೆರಡು ಮೂಲೆಗಳಿರುತ್ತವೆ, ಬೋಲ್ಟಿನ ತಲೆಯನ್ನು ತುದಿಯಲ್ಲಷ್ಟೇ ಹಿಡಿಯುತ್ತದೆ. ಆರು ಮೂಲೆಯ ಸಾಕೆಟ್ ತನ್ನಿ. ಸವೆದ ತಲೆಯ ಮೇಲೆ ಸಾಕೆಟ್ಟನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದರೆ ಅದು ಚಪ್ಪಟೆ ಮುಖಗಳನ್ನು ಹಿಡಿಯುತ್ತದೆ.

ಮೇಲಿನ ಬೋಲ್ಟನ್ನು ಪರೀಕ್ಷೆಗೆಂದು ಹಾಕಿದಿರಲ್ಲ, ಅದನ್ನು ತೆಗೆಯಬೇಡಿ. ಬೆರಳಿನ ಬಿಗಿಗೆ ಸಡಿಲಿಸಿದರೆ ಸಾಕು. ಮೋಟಾರ್ ಮೂರ್ನಾಲ್ಕು ಕೆಜಿ ತೂಗುವ ಪದಾರ್ಥ. ಒಂದು ಕಡೆ ಬಿಚ್ಚಿಬಿಟ್ಟರೆ ಅಷ್ಟೂ ಭಾರ ಉಳಿದ ಬೋಲ್ಟಿಗೆ ಜೋತುಬಿದ್ದು ಅದನ್ನು ಓರೆಯಾಗಿ ಒತ್ತುತ್ತದೆ. ನಿಮ್ಮ ಭಾನುವಾರ ಹಾಳಾಗಲು ಅರ್ಧ ಕಾರಣ ಇದೇ ಇರಬೇಕು.

ದಿಕ್ಕನ್ನೂ ಇನ್ನೊಮ್ಮೆ ನೋಡಿಕೊಳ್ಳಿ. ಅಂಗಾತ ಮಲಗಿ, ತಲೆಯ ಹಿಂದೆ ಕೈ ಚಾಚಿ, ಕಾಣದ ಬೋಲ್ಟನ್ನು ತಡಕುವಾಗ ಎಡ ಬಲ ಅದಲು ಬದಲಾಗುತ್ತವೆ. ನನ್ನ ಹತ್ತಿರ ಕೆಲಸಕ್ಕಿದ್ದ ಹುಡುಗನೊಬ್ಬ ಅರ್ಧ ಗಂಟೆ ಬೆವರು ಸುರಿಸಿ ಬೋಲ್ಟನ್ನು ಬಿಗಿ ಮಾಡುತ್ತಿದ್ದ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ನಾನೂ ಒಂದು ಅಂಬಾಸಿಡರಿನ ಅಡಿಯಲ್ಲಿ ಅದನ್ನೇ ಮಾಡಿ ಬೆರಳಿನ ಗಿಣ್ಣು ಸುಲಿದುಕೊಂಡವನು, ಆ ಗುರುತು ಈಗಲೂ ಇದೆ. ಒಂದು ಹಳೆಯ ಬೋಲ್ಟನ್ನು ಅದೇ ದಿಕ್ಕಿಗೆ ತಲೆ ಮಾಡಿ ಕೈಯಲ್ಲಿ ಹಿಡಿಯಿರಿ. ತಲೆಯ ಎದುರಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು.

ಇನ್ನು ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇ ಆಗಬಹುದು, ಇಲ್ಲವಾದರೆ ಸೀಮೆಎಣ್ಣೆಗೆ ಸ್ವಲ್ಪ ಗೇರ್ ಎಣ್ಣೆ ಬೆರೆಸಿ ಇಂಜೆಕ್ಷನ್ ಸಿರಿಂಜಿನಲ್ಲಿ ಬಿಡಿ. ಎಲ್ಲರೂ ಕೊಳ್ಳುವ ಡಬ್ಲ್ಯುಡಿ-40 ಎಂಬುದರ ಹೆಸರಿನ ಅರ್ಥವೇ ‘ನೀರನ್ನು ಹೊರದೂಡುವುದು’. ಅದಕ್ಕಿಂತ ಪೆನೆಟ್ರೇಟಿಂಗ್ ಆಯಿಲ್ ಎಂದೇ ಬರೆದಿರುವುದು ಒಳಗೆ ಚೆನ್ನಾಗಿ ಇಳಿಯುತ್ತದೆ. ಬೋಲ್ಟಿನ ತುದಿ ಹಿಂಬದಿಯಲ್ಲಿ ಹೊರಗೆ ಇಣುಕುತ್ತಿದೆಯೇ ಎಂದು ಬೆರಳಿನಲ್ಲಿ ಮುಟ್ಟಿ ನೋಡಿ. ಇಣುಕುತ್ತಿದ್ದರೆ ಆ ಕಡೆಯಿಂದ ಬಿಟ್ಟ ಎಣ್ಣೆಯೇ ಹೆಚ್ಚು ಕೆಲಸ ಮಾಡುತ್ತದೆ. ಇಂದು ಸಂಜೆ, ನಾಳೆ ಬೆಳಿಗ್ಗೆ, ನಾಳೆ ಸಂಜೆ. ಪ್ರತಿ ಸಲವೂ ತಲೆಯ ಮೇಲೆ ಒಂದು ಕಬ್ಬಿಣದ ಸರಳಿಟ್ಟು ಹತ್ತು ಏಟು, ನೇರವಾಗಿ. ಆ ಏಟಿಗೆ ಬಿಳಿ ಗಾರೆಯಲ್ಲಿ ಬಿರುಕು ಬಿಟ್ಟು ಎಣ್ಣೆ ಇಳಿಯುತ್ತದೆ. ನನ್ನ ಉಸ್ತಾದರು ಸಂಜೆ ಎಣ್ಣೆ ಬಿಟ್ಟರೆ ಮರುದಿನ ಚಹಾ ಮುಗಿಯುವವರೆಗೆ ಆ ಗಾಡಿಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಗಿರಾಕಿ ಎಷ್ಟೇ ಕೂಗಾಡಲಿ, ಬೀಡಿ ಆರಿಸಿ ಒಳಗೆ ಹೋಗುತ್ತಿದ್ದರು.

ಗ್ಯಾಸ್ ವೆಲ್ಡಿಂಗಿನವರನ್ನು ಕರೆಯಬೇಡಿ. ಉಕ್ಕು ಕೆಂಪಗಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ 660 ಡಿಗ್ರಿಯ ಸುಮಾರಿಗೆ ನೇರವಾಗಿ ಕುಸಿದುಬಿಡುತ್ತದೆ, ಜೊತೆಗೆ ಪೆಟ್ರೋಲ್ ಕೊಳವೆ ಬೇರೆ ಹತ್ತಿರದಲ್ಲಿದೆ. ಶಾಖ ಬೇಕೇ ಬೇಕು, ಆದರೆ ಸೌಮ್ಯವಾಗಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಕಾಯಬೇಕಾದದ್ದು ಬೋಲ್ಟಿನ ಸುತ್ತಲಿನ ಮನೆ, ಬೋಲ್ಟ್ ತಂಪಾಗಿಯೇ ಇರಲಿ. ಎಣ್ಣೆ ಒರೆಸಿ, ಎರಡು ಕೆಟಲ್ ಕುದಿಯುವ ನೀರನ್ನು ಬೋಲ್ಟಿನ ಸುತ್ತ ನಿಧಾನವಾಗಿ ಹೊಯ್ಯಿರಿ. ನೀರು ಸುರಿಯುವಾಗ ನೀವು ಅಡಿಯಲ್ಲಿ ಮಲಗಿರಬಾರದು ಎಂದು ಬೇರೆ ಹೇಳಬೇಕೇ?

ಕೂಡಲೇ ಸಾಕೆಟ್ ಹಾಕಿ ಮೊದಲು ಬಿಗಿಯುವ ದಿಕ್ಕಿಗೆ ಒಂದು ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಇಲ್ಲಿ ಕಿವಿ ತೆರೆದಿರಬೇಕು. ಬಿಡುವ ಬೋಲ್ಟ್ ‘ಕಿರ್ರ್’ ಎಂದು ಒರಲುತ್ತದೆ, ಹಳೆಯ ಬಾಗಿಲಿನ ತಿರುಗಣಿಯ ಹಾಗೆ. ಮುರಿಯುವ ಬೋಲ್ಟ್ ಸದ್ದೇ ಮಾಡುವುದಿಲ್ಲ. ಬೆಲ್ಲದ ಪಾಕ ಎಳೆದಂತೆ ಮೆತ್ತಗೆ ಕೈಗೆ ಬರುತ್ತದೆ, ‘ಬಂತು ಬಂತು’ ಎನ್ನುವಷ್ಟರಲ್ಲಿ ತಲೆ ಸಾಕೆಟ್ಟಿನೊಳಗೆ ಕಳಚಿಕೊಂಡಿರುತ್ತದೆ. ಆ ಮೆತ್ತನೆಯ ಅನುಭವ ಸಿಕ್ಕ ತಕ್ಷಣ ನಿಲ್ಲಿಸಿ ಇನ್ನೊಂದು ರಾತ್ರಿ ಎಣ್ಣೆಗೆ ಬಿಡಿ. ‘ಕಿರ್ರ್’ ಎಂದರೂ ಒಂದೇ ಸಮ ಎಳೆಯಬೇಡಿ. ಕಾಲು ಸುತ್ತು ಹೊರಗೆ, ಅದರ ಅರ್ಧ ಒಳಗೆ, ಒಂದು ಹನಿ ಎಣ್ಣೆ. ಹೀಗೆ ಹತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ.

ತಲೆ ಪೂರ್ತಿ ಉರುಟಾಗಿಬಿಟ್ಟರೆ ಎದೆಗುಂದಬೇಡಿ. ತಲೆಯನ್ನು ಗ್ರೈಂಡರಿನಿಂದ ಕತ್ತರಿಸಿದರೆ ಎಳೆತವೆಲ್ಲ ಹೋಗಿ ಮೋಟಾರ್ ಜಾರಿ ಹೊರಬರುತ್ತದೆ. ಉಳಿದ ಮೊಂಡಿನ ಮೇಲೆ ನಟ್ ಇಟ್ಟು ವೆಲ್ಡಿಂಗ್ ಮಾಡಿಸಿದರೆ ಆ ಶಾಖಕ್ಕೆ ಬಹುತೇಕ ಸಲ ಅದೇ ಬಿಡುತ್ತದೆ. ಆದರೆ ಅದು ಗ್ಯಾರೇಜಿನ ಕೆಲಸ, ಬ್ಯಾಟರಿಯ ಎರಡೂ ತಂತಿ ಬಿಚ್ಚಿಟ್ಟು ಮಾಡಬೇಕಾದದ್ದು. ಅಂಗಡಿಯಲ್ಲಿ ಸಿಗುವ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರನ್ನು (ಮುರಿದ ಬೋಲ್ಟಿನೊಳಗೆ ತೂತು ಕೊರೆದು ತಿರುಗಿಸಿ ಎಳೆಯುವ ಉಪಕರಣ) ಮನೆಯಲ್ಲಿ ಪ್ರಯೋಗಿಸಬೇಡಿ. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು. ಆಗ ನಿಮ್ಮ ಪತ್ರಕ್ಕೆ ನನ್ನ ಬಳಿಯೂ ಉತ್ತರವಿರುವುದಿಲ್ಲ.

ಹೊಸದನ್ನು ಕೂರಿಸುವಾಗ ಎರಡೂ ಮುಖಗಳನ್ನು ಎಮರಿ ಕಾಗದದಿಂದ ಉಜ್ಜಿ ಹೊಳೆಯಿಸಿ, ಅಲ್ಲಿ ಬಣ್ಣ ಬಳಿಯಬೇಡಿ, ಕರೆಂಟಿನ ಹಾದಿ ಅದು. ಎರಡೂ ಬೋಲ್ಟ್ ಹೊಸತಾಗಿರಲಿ. ಥ್ರೆಡ್ಡಿಗೆ ಆ್ಯಂಟಿ-ಸೀಜ್ ಗ್ರೀಸನ್ನು (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಗ್ರೀಸ್) ತೆಳ್ಳಗೆ ಸವರಿ, ಮೊದಲ ಐದಾರು ಸುತ್ತು ಬೆರಳಲ್ಲೇ ತಿರುಗಿಸಿ. ಮೀನು ಬುಟ್ಟಿಯ ಅಡಿಗೆ ಒಂದು ಪ್ಲಾಸ್ಟಿಕ್ ಟ್ರೇ ಇಟ್ಟುಬಿಡಿ.

ಪ್ರಶ್ನೆ: ಸೆಲ್ಫ್ ಎತ್ತದಿದ್ದಾಗ ನಮ್ಮ ಡ್ರೈವರ್ ಅದರ ಮೈಗೆ ಸುತ್ತಿಗೆಯಿಂದ ಎರಡು ಬಾರಿಸುತ್ತಾನೆ, ಗಾಡಿ ಸ್ಟಾರ್ಟ್ ಆಗುತ್ತದೆ. ಇದರಿಂದ ತೊಂದರೆ ಇದೆಯೇ?
– ಗೃಹಿಣಿ, ಗದಗ

ಉತ್ತರ: ಇದೆ. ಒಳಗಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇಂಗಾಲದ ತುಂಡು) ಸವೆದು ಗಿಡ್ಡವಾಗಿರಬೇಕು, ಏಟಿಗೆ ಒಮ್ಮೆ ಜಾಗಕ್ಕೆ ಬಂದು ತಾಗುತ್ತದೆ, ಅಷ್ಟೇ. ಈಚಿನ ಸಣ್ಣ ಕಾರುಗಳ ಎಷ್ಟೋ ಸೆಲ್ಫ್‌ಗಳಲ್ಲಿ ತಂತಿ ಸುತ್ತಿದ ಕಂಬಗಳ ಬದಲು ಅಂಟಿಸಿದ ಆಯಸ್ಕಾಂತಗಳಿರುತ್ತವೆ. ಅವು ಪಿಂಗಾಣಿಯ ಜಾತಿಯವು, ಜೋರಾಗಿ ಬಾರಿಸಿದರೆ ಒಡೆದು ಚೂರಾಗುತ್ತವೆ. ಆಟೊ ಎಲೆಕ್ಟ್ರಿಷಿಯನ್ ಬಳಿ ಬ್ರಷ್ ಹಾಕಿಸಿದರೆ ಚಿಕ್ಕ ಖರ್ಚಿನಲ್ಲಿ ಮುಗಿಯುವುದು, ಆಯಸ್ಕಾಂತ ಒಡೆದರೆ ಪೂರ್ತಿ ಮೋಟಾರಿಗೆ ಬರುತ್ತದೆ. ಡ್ರೈವರ್ ಕೈಯಿಂದ ಸುತ್ತಿಗೆ ಇಸಿದುಕೊಳ್ಳಿ.

ಪ್ರಶ್ನೆ: ಸ್ಟಾರ್ಟರಿಗೆ ನಾವೆಲ್ಲ ‘ಸೆಲ್ಫ್’ ಎನ್ನುವುದೇಕೆ?
– ಪಿಯುಸಿ ವಿದ್ಯಾರ್ಥಿ, ತಿಪಟೂರು

ಉತ್ತರ: ಮೊದಲಿಗೆ ಕಾರನ್ನು ಮುಂದೆ ನಿಂತು ಹ್ಯಾಂಡಲ್ ತಿರುಗಿಸಿಯೇ ಎಬ್ಬಿಸಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಮೋಟಾರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಗಾಡಿ ತಾನೇ ಏಳುವಂತಾಯಿತು, ಅದಕ್ಕೆ ‘ಸೆಲ್ಫ್ ಸ್ಟಾರ್ಟರ್’ ಎಂದರು. ನಮ್ಮ ಗ್ಯಾರೇಜಿನವರು ಬಾಲ ಕತ್ತರಿಸಿ ತಲೆಯನ್ನಷ್ಟೇ ಇಟ್ಟುಕೊಂಡರು.

ಹಳೆಯ ಅಂಬಾಸಿಡರಿಗೆ ಸೆಲ್ಫ್ ಇದ್ದರೂ ಹ್ಯಾಂಡಲ್ ಡಿಕ್ಕಿಯಲ್ಲಿರುತ್ತಿತ್ತು. ಉಸ್ತಾದರು ಅದನ್ನು ನನ್ನ ಕೈಗೆ ಕೊಟ್ಟ ಮೊದಲ ದಿನ ಹೆಬ್ಬೆರಳನ್ನು ಮಡಚಿ ಉಳಿದ ಬೆರಳುಗಳ ಸಾಲಿಗೇ ಸೇರಿಸಿಟ್ಟರು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಬೆರಳುಗಳಿಂದ ಜಾರಿಹೋಗಬೇಕು. ಹೆಬ್ಬೆರಳು ಸುತ್ತಿಕೊಂಡಿದ್ದರೆ ಅದನ್ನೂ ಮಣಿಕಟ್ಟನ್ನೂ ಮುರಿದುಕೊಂಡೇ ಹೋಗುತ್ತದೆ. ಅವರ ಬಲ ಮಣಿಕಟ್ಟು ಸೊಟ್ಟಗಿತ್ತು. ಏಕೆಂದು ನಾನು ಕೇಳಲಿಲ್ಲ.