ಬ್ಲಾಂಡ್ ಏಲ್ 'ಬರೀ ನೀರು' ಅನಿಸಿದರೆ ಅದು ಕೆಟ್ಟ ಬಿಯರಾ?

ನಿಮ್ಮ ಪ್ರಶ್ನೆ ಚಿಕ್ಕದಾಗಿ ಹೀಗಿದೆ: ಗೋವಾದ ಪಾಲೋಲೆಮ್‌ನಲ್ಲಿ ಒಂದು ಕ್ರಾಫ್ಟ್ (ಚಿಕ್ಕ ಬ್ರೂವರಿಯಲ್ಲಿ ಮಾಡಿದ) ಬ್ಲಾಂಡ್ ಏಲ್, ಅಂದರೆ ತಿಳಿ ಬಣ್ಣದ ಹಗುರ ಬಿಯರ್, ಕುಡಿದಿರಿ. ನಲ್ಲಿಯಿಂದ ಹಿಡಿದು ಕೊಟ್ಟದ್ದು. ಪಾವ್ ಬ್ರೆಡ್ಡಿನ ಹಾಗೆ ವಾಸನೆ ಇತ್ತು, ಸಲೀಸಾಗಿ ಇಳಿಯಿತು, ನಿಮಗೆ ಹಿಡಿಸಿತು. ಗ್ಲಾಸ್ ಮುಗಿಯುವ ಹೊತ್ತಿಗೆ ಮಾತ್ರ ಸ್ವಲ್ಪ ಬೆಣ್ಣೆ ಬೆಣ್ಣೆ ಅನಿಸಿತು. ಜೊತೆಗಿದ್ದ ಗೆಳೆಯರು "ಇದರಲ್ಲೇನಿದೆ, ಬರೀ ನೀರು" ಅಂದರು. ಇಂಥ ಹಗುರ ಬಿಯರಿನಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಗೆ ಹೇಳೋದು?

ನಾನು ಕಾರವಾರದ ಕೋಡಿಬಾಗದವನು. ಬೆಂಗಳೂರಿನಲ್ಲಿ ಬಿಯರನ್ನು ಅಲ್ಲೇ ಮಾಡಿ ಮಾರುವ ಒಂದು ಬ್ರೂಪಬ್‌ನಲ್ಲಿ ಐದು ವರ್ಷ ಬಿಯರ್ ಮಾಡುವ ಕೆಲಸದಲ್ಲಿದ್ದೆ, ಈಗ ಊರಿಗೆ ಬಂದಿದ್ದೇನೆ. ಅಲ್ಲಿ ನಾವು ಏಳೆಂಟು ಬಗೆಯ ಬಿಯರ್ ಮಾಡುತ್ತಿದ್ದೆವು. ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಬ್ಲಾಂಡ್ ಏಲ್ ಮಾಡುವ ದಿನ.

ಶಿರಸಿ ಕಡೆ ಯಾರ ಮನೆಯಲ್ಲಾದರೂ ಅಪ್ಪೆಹುಳಿ ಕುಡಿದಿದ್ದರೆ ಇದು ಬೇಗ ತಿಳಿಯುತ್ತದೆ. ಬೇಯಿಸಿದ ಮಾವಿನಕಾಯಿ, ನೀರು, ಉಪ್ಪು, ಮೇಲೊಂದು ಇಂಗಿನ ಒಗ್ಗರಣೆ. ಅಷ್ಟೇ. ತಿಳಿಯಾಗಿ, ನೀರಿನ ಹಾಗೇ ಇರುತ್ತದೆ. ಅನ್ನಕ್ಕೂ ಹಾಕಿಕೊಳ್ಳುತ್ತಾರೆ, ಲೋಟದಲ್ಲೂ ಕುಡಿಯುತ್ತಾರೆ. ಅದನ್ನು ಯಾರೂ ಬರೀ ನೀರು ಅನ್ನುವುದಿಲ್ಲ. ಆದರೆ ಒಗ್ಗರಣೆ ಸ್ವಲ್ಪ ಸೀದರೂ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಮಸಾಲೆ ಅರೆದು ಹಾಕಿದ ಸಾಂಬಾರಿನಲ್ಲಿ ಅದೇ ತಪ್ಪು ಮುಚ್ಚಿಹೋಗುತ್ತದೆ. ಬ್ಲಾಂಡ್ ಏಲ್ ಬಿಯರುಗಳ ಅಪ್ಪೆಹುಳಿ. ತಿಳಿ ಬಣ್ಣದ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು), ಕಹಿ ಮತ್ತು ವಾಸನೆ ಕೊಡುವ ಹಾಪ್ಸ್ ಹೂ ಸ್ವಲ್ಪವೇ, ಹುದುಗು ಬರಿಸುವ ಯೀಸ್ಟ್, ನೀರು. ತಪ್ಪು ಮಾಡಿದರೆ ಅಡಗಿಸಲು ಜಾಗವೇ ಇಲ್ಲ.

ನಿಮ್ಮ ಗೆಳೆಯರ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಯರ್ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಳಸುವ ಬಿಜೆಸಿಪಿ ಕೈಪಿಡಿ ಒಂದಿದೆ. ಅದರ 2021ರ ಆವೃತ್ತಿಯ ಪ್ರಕಾರ ಬ್ಲಾಂಡ್ ಏಲ್‌ನಲ್ಲಿ ಆಲ್ಕೋಹಾಲ್ ಶೇ. 3.8ರಿಂದ 5.5. ಕಹಿಯನ್ನು ಐಬಿಯು ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಅದು 15ರಿಂದ 28. ಹಾಪ್ಸ್ ಜಾಸ್ತಿ ಹಾಕಿ ಮಾಡುವ ಕಹಿ ಬಿಯರ್ ಅಮೆರಿಕನ್ ಐಪಿಎಗೆ ಇದೇ ಅಳತೆ 40ರಿಂದ 70. ಅಂದರೆ ಇದು ಹಗುರವಾಗಿರಬೇಕು ಅಂತಲೇ ಮಾಡಿದ ಬಿಯರ್. ಎಲ್ಲೆಡೆ ಸಿಗುವ ಮಾಮೂಲಿ ಲಾಗರ್ ಬಿಯರ್ ಕುಡಿದು ಅಭ್ಯಾಸ ಇದ್ದವರು ಕ್ರಾಫ್ಟ್ ಬಿಯರಿಗೆ ಬರಲಿ ಅಂತ ಅಮೆರಿಕದ ಚಿಕ್ಕ ಬ್ರೂವರಿಗಳು ಇದನ್ನು ಮೆನುವಿನಲ್ಲಿ ಇಟ್ಟವು. ಐಪಿಎ ಮುಂದೆ ಇಟ್ಟು ಇದನ್ನು ಅಳೆದರೆ ದೊಡ್ಡ ಇಸ್ವಣ ಮೀನಿನ ಮುಂದೆ ಸಣ್ಣ ನೊಗ್ಲಿ ಮೀನು ಇಟ್ಟು ದಪ್ಪ ನೋಡಿದ ಹಾಗಾಗುತ್ತದೆ, ಅಲ್ವಾ?

ಈಗ ರುಚಿ ನೋಡುವ ಮಾತು. ನಮ್ಮ ಕಡೆ ಮೊದಲ ತೊಂದರೆ ತಟ್ಟೆಯಿಂದಲೇ ಶುರು. ಬಂಗುಡೆ ಸಾರಿನ ತಿರ್ಫಲ ಬಾಯಿಗೆ ಹೋದ ಮೇಲೆ ನಾಲಗೆ ಜುಮ್ಮೆನ್ನುತ್ತದೆ, ಆಮೇಲೆ ಹತ್ತು ನಿಮಿಷ ಯಾವ ಬಿಯರನ್ನೂ ಅಳೆಯಲು ಆಗುವುದಿಲ್ಲ. ಮೀನು ಫ್ರೈ ತಿಂದ ತುಟಿಯ ಎಣ್ಣೆ ನೊರೆಯನ್ನು ಕೊಂದುಬಿಡುತ್ತದೆ. ಹಾಗಾಗಿ ಮೊದಲ ಗ್ಲಾಸನ್ನು ಊಟ ಬರುವ ಮುಂಚೆ ನೋಡಿ. ಫ್ರೈ ಜೊತೆ ಎರಡನೆಯದನ್ನು ನಿಶ್ಚಿಂತೆಯಿಂದ ಕುಡಿಯಿರಿ. ರವೆ ಹಚ್ಚಿ ಕರಿದ ನೊಗ್ಲಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ಸಮುದ್ರದ ಕಡೆ ಕೂತಿದ್ದರೆ ಗ್ಲಾಸನ್ನು ನೆರಳಿಗೆ ಎಳೆದುಕೊಳ್ಳಿ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಜಾತಿಯ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ. ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಬಾಟಲಿ ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಹಸಿರು ಬಾಟಲಿ ಅಷ್ಟಾಗಿ ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ. ಬೀಚಿನ ಮೇಜಿನ ಮೇಲೆ ಬಿಸಿಲಲ್ಲಿಟ್ಟ ಬಿಯರ್ ಕೆಟ್ಟರೆ ಅದು ಮಾಡಿದವನ ತಪ್ಪಲ್ಲ.

ಇನ್ನು ತಣ್ಣಗಿನ ವಿಷಯ. ಇದನ್ನು ಒಂದು ಬ್ಯಾಚಿನ ಕಥೆಯಿಂದಲೇ ಹೇಳಬೇಕು.

ಒಂದು ಏಪ್ರಿಲ್‌ನಲ್ಲಿ ನಮ್ಮ ಕುದಿಸುವ ಕೆಟಲ್‌ನ ಹೀಟರ್ ಅರ್ಧ ಕೆಟ್ಟಿತ್ತು. ಕೊತಕೊತ ಕುದಿಯಬೇಕಾದದ್ದು ಸುಮ್ನೆ ಮಿಸುಕಾಡುತ್ತಿತ್ತು. ಬಿಯರ್ ಖಾಲಿಯಾಗಿದೆ, ಬೇಗ ಮುಗಿಸು ಅಂತ ಮೇಲಿನಿಂದ ಒತ್ತಾಯ. 90 ನಿಮಿಷ ಕುದಿಸಬೇಕಾದದ್ದನ್ನು 50ಕ್ಕೇ ಇಳಿಸಿದೆವು. ಎರಡು ವಾರದ ನಂತರ ಟ್ಯಾಂಕಿನಿಂದ ಒಂದು ಗ್ಲಾಸ್ ಹಿಡಿದೆ. ಹೊಸ ಹುಲ್ಲಿನ ಬಣ್ಣ, ಬೆಳ್ಳಗೆ ನೊರೆ, ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುವಷ್ಟು ತಿಳಿ. ತಣ್ಣಗೆ ಒಂದು ಗುಟುಕು ಕುಡಿದೆ. ಏನೂ ತಪ್ಪು ಕಾಣಲಿಲ್ಲ. ಆಮೇಲೆ ಗ್ಲಾಸನ್ನು ಒಂದು ಅಂಗೈಯಲ್ಲಿ ಹಿಡಿದು, ಗ್ಲಾಸಿನ ಬಾಯಿಗೆ ಇನ್ನೊಂದು ಕೈ ಮುಚ್ಚಿ, ಐದು ನಿಮಿಷ ಕೂತೆ. ಕೈ ತೆಗೆದು ಮೂಗು ಇಟ್ಟರೆ ಜೋಳದ ತೆನೆ ಬೇಯಿಸಿದ ನೀರಿನ ವಾಸನೆ ಮುಖಕ್ಕೆ ಹೊಡೆಯಿತು. ಇದಕ್ಕೆ ಡಿಎಂಎಸ್ ಅನ್ನುತ್ತಾರೆ. ತಿಳಿ ಮಾಲ್ಟಿನಲ್ಲಿರುವ ಒಂದು ಅಂಶ ಬಿಸಿಗೆ ಡಿಎಂಎಸ್ ಆಗುತ್ತದೆ, ಮುಚ್ಚಳ ತೆಗೆದು ಜೋರಾಗಿ ಕುದಿಸಿದರೆ ಆವಿಯ ಜೊತೆ ಹೊರಗೆ ಹೋಗುತ್ತದೆ. ನಮ್ಮದು ಹೋಗಿರಲಿಲ್ಲ. ಅದೇ ವಾರ ಅದೇ ಕೆಟಲ್‌ನಲ್ಲಿ ಮಾಡಿದ ಸ್ಟೌಟ್ ಅನ್ನುವ ಕಪ್ಪು ಬಿಯರ್ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಹುರಿದ ಮಾಲ್ಟ್ ಎಲ್ಲವನ್ನೂ ಮುಚ್ಚಿತ್ತು.

ಚೆಲ್ಲೋಣ ಅಂದೆ. ಚೆಲ್ಲಲಿಲ್ಲ. ಮಂಜಿನಷ್ಟು ತಣ್ಣಗೆ ಮಾಡಿ, ಗ್ಲಾಸಿನ ಅಂಚಿಗೆ ಒಂದು ನಿಂಬೆ ಹೋಳು ಸಿಕ್ಕಿಸಿ ಮಾರಿದರು. ಆ ನೋವು ನನಗೆ ಇನ್ನೂ ಇದೆ. ಅದಕ್ಕೇ ಹೇಳುತ್ತೇನೆ, ಬ್ಲಾಂಡ್ ಏಲ್‌ಗೆ ನಿಂಬೆ ಹೋಳು ಸಿಕ್ಕಿಸಿ ಕೊಟ್ಟರೆ ತೆಗೆದು ಪಕ್ಕಕ್ಕಿಡಿ. ಗ್ಲಾಸಿನ ಹೊರಗೆ ಹಿಮ ಕಟ್ಟಿದ್ದರೆ ಸ್ವಲ್ಪ ಕಾಯಿರಿ. 6ರಿಂದ 8 ಡಿಗ್ರಿಯಲ್ಲಿ ಈ ಬಿಯರ್ ಬಾಯಿ ಬಿಡುತ್ತದೆ. ನಮ್ಮ ಕರಾವಳಿಯ ಸೆಕೆಗೆ ಅದು ತಾನಾಗಿಯೇ ಅಲ್ಲಿಗೆ ಬರುತ್ತದೆ.

ಒಳ್ಳೆಯದಾಗಿದ್ದರೆ ಏನು ಸಿಗಬೇಕು? ಮೂಗಿಗೆ ಮೊದಲು ಮಾಲ್ಟ್. ಬೆಳಿಗ್ಗೆ ಸೈಕಲ್ ಮೇಲೆ ಪಾವ್ ಬರುತ್ತದಲ್ಲ, ಬುಟ್ಟಿಯ ಬಟ್ಟೆ ಸರಿಸಿದಾಗ ಬರುವ ವಾಸನೆ. ಕೆಲವದರಲ್ಲಿ ಬಿಸ್ಕತ್ತು, ಕೆಲವದರಲ್ಲಿ ತುಡವೆ ಜೇನಿನ ಒಂದು ಎಳೆ. ಅದರ ಹಿಂದೆ ಹಾಪ್ಸ್, ಹೂವಿನ ಹಾಗೋ ನಿಂಬೆ ಎಲೆ ಕಿವುಚಿದ ಹಾಗೋ, ಆದರೆ ತಗ್ಗಿದ ದನಿಯಲ್ಲಿ. ಯೀಸ್ಟ್‌ನಿಂದ ಸ್ವಲ್ಪ ಹಣ್ಣಿನ ಛಾಯೆ ಬಂದರೂ ಸರಿ. ನಾಲಗೆ ಮೇಲೆ ಮೊದಲು ಮೆಲ್ಲಗೆ ಸಿಹಿ, ಅದು ನಿಲ್ಲುವಷ್ಟರಲ್ಲಿ ಕಹಿ ಬಂದು ಒರೆಸಿಕೊಂಡು ಹೋಗಬೇಕು. ನುಂಗಿದ ಮೇಲೆ ಬಾಯಿ ಅಂಟಬಾರದು, ಒಣಗಲೂಬಾರದು. ನಾನು ಜಾಸ್ತಿ ಗಮನ ಕೊಡುವುದು ಇಲ್ಲೇ. ಸಿಹಿ ಉಳಿದರೆ ಅರ್ಧ ಗ್ಲಾಸಿಗೆ ಸಾಕಾಗುತ್ತದೆ. ಕಹಿ ಉಳಿದರೆ ಅದು ಬ್ಲಾಂಡ್ ಏಲ್ ಅಲ್ಲ, ತೆಳ್ಳಗಿನ ಪೇಲ್ ಏಲ್. ಎರಡೂ ಒಟ್ಟಿಗೆ ಹೊರಟುಹೋದರೆ ಮಾಡಿದವರಿಗೆ ಕೈ ಮುಗಿಯಬೇಕು. "ಸಲೀಸಾಗಿ ಇಳಿಯಿತು" ಅಂತ ನೀವು ಹೇಳಿದ್ದು ಇದನ್ನೇ. ಬರೀ ನೀರಿನಲ್ಲಿ ಈ ಹೋಗಿ ಬರುವ ಆಟ ಇರುವುದಿಲ್ಲ.

ಬೇರೆ ತಪ್ಪುಗಳು ಬೇಗ ಹೇಳುತ್ತೇನೆ. ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಗಾಳಿ ಸೇರಿ ಹಳತಾಗಿದೆ. ಕ್ಯಾನ್ ತಗೊಳ್ಳುವುದಾದರೆ ತಯಾರಿಸಿದ ದಿನಾಂಕ ನೋಡಿ, ಈ ಬಿಯರನ್ನು ಹೊಸದರಲ್ಲೇ ಕುಡಿಯಬೇಕು. ಹಸಿರು ಸೇಬಿನ ವಾಸನೆ ಬಂದರೆ ಯೀಸ್ಟ್ ಕೆಲಸ ಮುಗಿಸುವ ಮೊದಲೇ ತೆಗೆದಿದ್ದಾರೆ. ಲವಂಗದ ವಾಸನೆ ಗೋಧಿ ಬಿಯರಿನಲ್ಲಿ ಚೆಂದ, ಇದರಲ್ಲಿ ಅಲ್ಲ. ನೋಟಕ್ಕೆ ಸ್ವಲ್ಪ ಮಬ್ಬಿದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಜೆಸಿಪಿ ಲೆಕ್ಕದಲ್ಲೂ ಒಟ್ಟು 50 ಅಂಕದಲ್ಲಿ ನೋಟಕ್ಕೆ ಇರುವುದು 3, ವಾಸನೆಗೆ 12, ರುಚಿಗೆ 20.

ಕೊನೆಗೆ ನಿಮ್ಮ ಗ್ಲಾಸಿನ ಬೆಣ್ಣೆ. ನಿಮ್ಮ ಮೂಗು ಚೆನ್ನಾಗಿದೆ. ಅದು ಡಯಾಸಿಟೈಲ್. ಯೀಸ್ಟ್ ಕೆಲಸ ಮಾಡುವಾಗ ಅದು ಹುಟ್ಟುತ್ತದೆ, ಎರಡು ಮೂರು ದಿನ ಬೆಚ್ಚಗೆ ಬಿಟ್ಟರೆ ಯೀಸ್ಟೇ ಅದನ್ನು ವಾಪಸ್ ತಿಂದುಬಿಡುತ್ತದೆ. ಟ್ಯಾಂಕ್ ಬೇಗ ತಣ್ಣಗೆ ಮಾಡಿದರೆ ಬಿಯರಿನಲ್ಲೇ ಉಳಿಯುತ್ತದೆ. ತಣ್ಣಗಿದ್ದಾಗ ಅಡಗಿ ಕೂತು, ಗ್ಲಾಸ್ ಬೆಚ್ಚಗಾದ ಮೇಲೆ ಹೊರಗೆ ಬರುತ್ತದೆ. ನಿಮಗೆ ಕೊನೆಯಲ್ಲಿ ಕಂಡದ್ದು ಅದಕ್ಕೇ. ಇನ್ನೊಂದು ದಾರಿಯೂ ಇದೆ. ನಲ್ಲಿಯ ಪೈಪ್ ತೊಳೆಯದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಇದೇ ವಾಸನೆ ಕೊಡುತ್ತದೆ. ಆಗ ಬೆಣ್ಣೆಯ ಜೊತೆ ಸ್ವಲ್ಪ ಹುಳಿಯೂ ಇರುತ್ತದೆ. ನೀವು ಹುಳಿ ಅಂದಿಲ್ಲ. ಹಾಗಾಗಿ ನನ್ನ ತೀರ್ಪು ಇದು: ಬಿಯರ್ ಚೆನ್ನಾಗಿ ಮಾಡಿದ್ದೇ, ಎರಡು ದಿನ ಬೇಗ ತೆಗೆದಿದ್ದಾರೆ. ನಾನಾದರೆ 50ಕ್ಕೆ 32 ಕೊಡುತ್ತಿದ್ದೆ.

ಮತ್ತೆ ಹೋದಾಗ ಅದೇ ಬಿಯರನ್ನು ಚಿಕ್ಕ ಗ್ಲಾಸಿನಲ್ಲಿ ಎರಡು ತರಿಸಿ. ಒಂದನ್ನು ತಣ್ಣಗೇ ಕುಡಿಯಿರಿ, ಇನ್ನೊಂದನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿದು ಗೆಳೆಯರ ಮೂಗಿಗೆ ಕೊಡಿ. ಪೈಪ್ ಯಾವಾಗ ತೊಳೆದದ್ದು ಅಂತ ಕೌಂಟರಿನಲ್ಲಿ ಕೇಳಿ, ಎರಡು ವಾರಕ್ಕೊಮ್ಮೆ ತೊಳೆಯಬೇಕು. ಗಾಡಿ ಒಯ್ಯಬೇಡಿ, ಕಾರವಾರದ ಶಿರವಾಡ ಸ್ಟೇಷನ್ನಿನಿಂದ ರೈಲಿನಲ್ಲಿ ಕಾಣಕೋಣಕ್ಕೆ ಹೋದರೆ ಅಲ್ಲಿಂದ ಪಾಲೋಲೆಮ್ ಹತ್ತಿರವೇ.