ಓದುಗರ ಪ್ರಶ್ನೆ: ನೊಂದವರ ಬರಹದಲ್ಲಿ ಅಲಂಕಾರಕ್ಕೇನು ಕೆಲಸ?

ಪ್ರಶ್ನೆ: ಅಮೆರಿಕದ ಗುಲಾಮಗಿರಿಯಿಂದ ಪಾರಾಗಿ ಬಂದ ಫ್ರೆಡರಿಕ್ ಡಗ್ಲಾಸ್‌ನ ಆತ್ಮಕಥೆಯನ್ನು ಓದುತ್ತಿದ್ದೇನೆ. ತರಗತಿಯಲ್ಲಿ ಅದರೊಳಗಿನ ಅಪಾಸ್ಟ್ರಫಿ (ಎದುರಿಗಿಲ್ಲದವರನ್ನೋ ಜಡವಸ್ತುವನ್ನೋ ಕರೆದು ಮಾತನಾಡಿಸುವ ಅಲಂಕಾರ), ಕಯಾಸ್ಮಸ್‌ಗಳನ್ನು ಗುರುತಿಸಲು ಹೇಳುತ್ತಾರೆ. ಚಾವಟಿಯ ಏಟು ತಿಂದವನ ಮಾತಿನಲ್ಲಿ ಅಲಂಕಾರ ಹುಡುಕುವುದು ಅಪಚಾರವಲ್ಲವೇ?
– ಎಂ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಹೆಸರು ಗುರುತಿಸಿ ಅಲ್ಲಿಗೇ ಕೈಬಿಟ್ಟರೆ ಖಂಡಿತ ಅಪಚಾರ. ಆದರೆ ಡಗ್ಲಾಸ್‌ನ ಪಾಲಿಗೆ ಅಲಂಕಾರ ಹೋರಾಡಿ ಪಡೆದ ಹಕ್ಕಾಗಿತ್ತು. 1841ರಲ್ಲಿ ಅವನು ಗುಲಾಮಗಿರಿ ವಿರೋಧಿ ಸಂಘದ ಭಾಷಣಕಾರನಾದಾಗ ಜೊತೆಯ ಬಿಳಿಯ ಮಿತ್ರರೇ, ‘ನೀನು ಸಂಗತಿಗಳನ್ನು ಹೇಳು, ತತ್ತ್ವವನ್ನು ನಾವು ನೋಡಿಕೊಳ್ಳುತ್ತೇವೆ’ ಎಂದರು. ಮಾತಿನಲ್ಲಿ ತೋಟದಾಳಿನ ಧಾಟಿ ಒಂದಿಷ್ಟು ಉಳಿದಿದ್ದರೆ ಜನ ನಂಬುತ್ತಾರೆ ಎಂದೂ ಬುದ್ಧಿ ಹೇಳಿದರು. ಇದನ್ನು ಅವನೇ 1855ರ ತನ್ನ ಎರಡನೆಯ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಇಷ್ಟು ಚೆನ್ನಾಗಿ ಮಾತನಾಡುವವನು ಗುಲಾಮನಾಗಿದ್ದಿರಲು ಸಾಧ್ಯವೇ ಎಂಬ ಅನುಮಾನ ಹಬ್ಬಿದಾಗ, ಅವನು ಭಾಷೆಯನ್ನು ತಗ್ಗಿಸಿಕೊಳ್ಳದೆ, ಯಜಮಾನನ ಹೆಸರು, ಊರುಗಳನ್ನು ನಮೂದಿಸಿ 1845ರಲ್ಲಿ ಮೊದಲ ಆತ್ಮಕಥೆಯನ್ನೇ ಪ್ರಕಟಿಸಿದ.

ಆ ಪುಸ್ತಕದ ಪ್ರಸಿದ್ಧ ವಾಕ್ಯವನ್ನು ನೋಡಿ: ಮನುಷ್ಯನೊಬ್ಬನನ್ನು ಗುಲಾಮನನ್ನಾಗಿ ಮಾಡಿದ ಬಗೆಯನ್ನು ಕಂಡಿರಿ, ಗುಲಾಮನೊಬ್ಬ ಮನುಷ್ಯನಾದ ಬಗೆಯನ್ನು ಇನ್ನು ಕಾಣುವಿರಿ. ಪದಗಳ ಕ್ರಮವನ್ನು ತಿರುವುಮುರುವು ಮಾಡುವ ಈ ರಚನೆಯೇ ಕಯಾಸ್ಮಸ್. ಗುಲಾಮತನ ಹುಟ್ಟಿನಿಂದ ಬಂದದ್ದಲ್ಲ, ಮಾಡಿದ್ದು. ಮಾಡಿದ್ದನ್ನು ಮುರಿಯಬಹುದು ಎಂಬ ವಾದವೆಲ್ಲ ಆ ತಿರುವಿನಲ್ಲೇ ಇದೆ. ಇದಾದ ಮೇಲೆ ಬರುವುದು, ಗುಲಾಮರನ್ನು ಬಗ್ಗಿಸುವುದಕ್ಕೇ ಹೆಸರಾಗಿದ್ದ ಎಡ್ವರ್ಡ್ ಕೋವಿ ಎಂಬವನೊಡನೆ ಡಗ್ಲಾಸ್ ಸುಮಾರು ಎರಡು ಗಂಟೆ ಸೆಣಸಿದ ಪ್ರಸಂಗ. ಅದಕ್ಕೂ ಮುನ್ನ ಚೆಸಪೀಕ್ ಕೊಲ್ಲಿಯ ದಡದಲ್ಲಿ ನಿಂತು ಅವನು ಹಾಯಿಹಡಗುಗಳನ್ನು ಕೂಗಿ ಮಾತನಾಡಿಸುತ್ತಾನೆ: ನೀವು ಕಟ್ಟು ಬಿಚ್ಚಿಕೊಂಡವರು, ನಾನು ಸಂಕೋಲೆಯಲ್ಲಿರುವವನು. ಯಕ್ಷ ಮೋಡವನ್ನು ಮಾತನಾಡಿಸಿದ್ದನ್ನು ಬಲ್ಲ ನಮಗೆ ಇದು ಹೊಸತಲ್ಲ. ಆದರೆ ಇಲ್ಲಿ ಮನಸ್ಸು ಬಿಚ್ಚಿ ಮಾತನಾಡಲು ಸುತ್ತ ಬೇರೆ ಯಾರೂ ಇಲ್ಲ, ಅದಕ್ಕೇ ಹಡಗುಗಳು.

ನನಗೆ ಎಲ್ಲಕ್ಕಿಂತ ಮಿಗಿಲೆನಿಸುವುದು 1852ರ ಜುಲೈ 5ರಂದು ರಾಚೆಸ್ಟರ್‌ನಲ್ಲಿ ಅವನು ಮಾಡಿದ ಸ್ವಾತಂತ್ರ್ಯೋತ್ಸವದ ಭಾಷಣ. ಗುಲಾಮನೂ ಮನುಷ್ಯನೆಂದು ನಾನು ವಾದಿಸಬೇಕೇ ಎಂದು ಕೇಳಿ, ಅದು ಈಗಾಗಲೇ ಒಪ್ಪಿತವಾದ ಮಾತು ಎನ್ನುತ್ತಾನೆ. ಹಾಗೆನ್ನುತ್ತಲೇ ವರ್ಜೀನಿಯಾದಲ್ಲಿ ಕರಿಯನಿಗೆ ಮರಣದಂಡನೆ ತರುವ ಅಪರಾಧಗಳು 72, ಅವುಗಳಲ್ಲಿ ಬಿಳಿಯನಿಗೆ ಅದೇ ಶಿಕ್ಷೆ ತರುವಂಥವು ಎರಡೇ ಎಂದು ಮುಂದಿಡುತ್ತಾನೆ. ಹೊಣೆಗಾರಿಕೆಯಿಲ್ಲದ ಪ್ರಾಣಿಗೆ ಕಾನೂನು ಶಿಕ್ಷೆ ಬರೆಯುವುದಿಲ್ಲವಲ್ಲ! ಹೇಳುವುದಿಲ್ಲವೆಂದು ತಡೆಹಿಡಿದಂತೆ ಮಾಡಿ ಹೆಚ್ಚು ಬಲವಾಗಿ ಹೇಳುವ ಇದನ್ನು ನಮ್ಮ ಆಲಂಕಾರಿಕರ ಆಕ್ಷೇಪಾಲಂಕಾರದ ಪಕ್ಕದಲ್ಲಿಟ್ಟು ಓದಿ. ಉತ್ತರವನ್ನು ತನ್ನೊಳಗೇ ಇಟ್ಟುಕೊಂಡ ಪ್ರಶ್ನೆಯ ಬಲವಂತೂ ‘ದಯವಿಲ್ಲದ ಧರ್ಮವದೇವುದಯ್ಯಾ’ ಎಂಬುದನ್ನು ಕೇಳುತ್ತ ಬೆಳೆದ ನಿಮ್ಮ ಸೀಮೆಯವರಿಗೆ ವಿವರಿಸಬೇಕಾದದ್ದಲ್ಲ.

ಪ್ರಶ್ನೆ: ಗುಲಾಮಗಿರಿಯನ್ನು ಅಂದಿನವರು ‘ಪೆಕ್ಯೂಲಿಯರ್ ಇನ್‌ಸ್ಟಿಟ್ಯೂಷನ್’ (ವಿಚಿತ್ರ ವ್ಯವಸ್ಥೆ) ಎಂದದ್ದು ವ್ಯಂಗ್ಯವೇ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ರಾಜಕಾರಣಿಗಳು ‘ನಮಗೇ ವಿಶಿಷ್ಟವಾದ ವ್ಯವಸ್ಥೆ’ ಎಂಬ ಅರ್ಥದಲ್ಲಿ ಗಂಭೀರವಾಗಿಯೇ ಬಳಸಿದ ಸೌಮ್ಯೋಕ್ತಿ ಅದು. 1787ರ ಸಂವಿಧಾನವೂ ಗುಲಾಮ ಎಂಬ ಪದವನ್ನು ತಪ್ಪಿಸಿ, ಸೇವೆಗೆ ಅಥವಾ ದುಡಿಮೆಗೆ ಒಳಪಟ್ಟ ವ್ಯಕ್ತಿ ಎಂದು ಸುತ್ತಿ ಬಳಸಿ ಹೇಳಿತು. ಗುಲಾಮಗಿರಿಯ ವಿರೋಧಿಗಳು ಇದಕ್ಕೆ ಪ್ರತಿಯಾಗಿ ಮಾಲೀಕರನ್ನು ‘ಮನುಷ್ಯಗಳ್ಳರು’ ಎಂದು ನೇರವಾಗಿ ಕರೆದರು. ಆ ಮಾತು ಬೈಬಲ್‌ನಿಂದಲೇ ಎತ್ತಿಕೊಂಡದ್ದು. ಹಾಗಾಗಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ ಮಾಲೀಕ ಅದನ್ನು ಬರೀ ಬೈಗುಳವೆಂದು ತಳ್ಳಿಹಾಕುವುದು ಸುಲಭವಿರಲಿಲ್ಲ.