ರಾಯಚೂರು–ಕೊಪ್ಪಳ ಭಾಗದಲ್ಲಿ ಹೊಸ ಕೃಷಿ ತಂತ್ರಜ್ಞಾನ ಬೆಳೆಯಬೇಕಾದರೆ ಮೊದಲು ಏನು ಮಾಡಬೇಕು?

ಮೊದಲು ಕಟ್ಟಡ ಕಟ್ಟುವುದು ಬೇಡ. ಓದಿದವರು ಇಲ್ಲೇ ಇದ್ದಾರೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ, 2019ರಲ್ಲಿ ಶುರುವಾದ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಕೂಡ ಇದೆ. ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಸವಳು (ಉಪ್ಪಿನಂಶ ಹೆಚ್ಚಾದ) ಭೂಮಿಯ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಇವರನ್ನೆಲ್ಲ ಒಂದೇ ಹೊಲಕ್ಕೆ ಕರೆತರಬೇಕು, ಅಷ್ಟೇ.

ಅದಕ್ಕೆ ಒಂದೇ ಸಮಸ್ಯೆ ಹಿಡಿಯಿರಿ. ನಾನಾದರೆ ನೀರನ್ನೇ ಹಿಡಿಯುತ್ತೇನೆ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ತುಂಬ ನೀರು ನಿಲ್ಲಿಸಿ ಭತ್ತ ಬೆಳೆಯುತ್ತಾರೆ, ಮಣ್ಣು ಸವಳಾಗುತ್ತದೆ, ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯವರು ಮಾತ್ರ ನೀರಿಗೆ ಕಾಯುತ್ತಾ ಕೂರಬೇಕು.

ಪರಿಹಾರ ಸರಳವಾಗೇ ಇದೆ. ತೂತು ಕೊರೆದ ಪೈಪನ್ನು ಗದ್ದೆಯಲ್ಲಿ ಹುಗಿದು, ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ನೀರು ಕಟ್ಟುವುದು. ಹೂ ಬಿಡುವಾಗ ಮಾತ್ರ ಒಣಗಲು ಬಿಡಬಾರದು. ಆ ಪೈಪಿಗೆ ಅಗ್ಗದ ಸೆನ್ಸರ್ ಹಾಕಿ, ರೈತನ ಮೊಬೈಲಿಗೆ ಕನ್ನಡದಲ್ಲೇ ಧ್ವನಿ ಸಂದೇಶ ಹೋಗುವ ಹಾಗೆ ಮಾಡುವುದು ನಮ್ಮ ಹುಡುಗರಿಗೆ ಕಷ್ಟವೇನಲ್ಲ.

ಆದರೆ ಮುಂದಿನ ಸರದಿ ಯಾವಾಗ ಅಂತ ಗೊತ್ತಿಲ್ಲದ ರೈತ ಇವತ್ತು ಬಂದ ನೀರನ್ನು ಬಿಡ್ತಾನಾ? ಖಂಡಿತ ಇಲ್ಲ. ಆದ್ದರಿಂದ ಕಾಲುವೆ ಸರದಿ, ಹರಿವಿನ ಲೆಕ್ಕ ಎಲ್ಲರಿಗೂ ದಿನಾ ಸಿಗಬೇಕು. ಇದು ನನ್ನ ಪ್ರಕಾರ ಅನುದಾನಕ್ಕಿಂತ ದೊಡ್ಡ ವಿಷಯ.

ಇನ್ನು ದುಡ್ಡು. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವನು ಸಾವಿರಾರು ರೂಪಾಯಿ ಕೊಟ್ಟು ಸೆನ್ಸರ್ ಕೊಳ್ಳಲ್ಲ. ರೈತರೇ ಸೇರಿ ಕಟ್ಟಿಕೊಂಡ ರೈತ ಉತ್ಪಾದಕ ಸಂಸ್ಥೆಯೇ ಕೊಂಡು ಸೀಸನ್ನಿಗೆ ಬಾಡಿಗೆ ಕೊಡಲಿ, ಮೊದಲ ಬೆಳೆಯಲ್ಲಿ ನಷ್ಟವಾದರೆ ಈ ಪ್ರಯೋಗದ ಯೋಜನೆಯೇ ತುಂಬಿಕೊಡಲಿ.